ಗಿರಣಿ ಸುಂದ್ರಮ್ಮನ ಕಟ್ಟೆ

ಶಹಾಪುರದ ಹಳೇ ಬಜಾರಿನ ಗಿರಣಿ ಸುಂದ್ರಮ್ಮ ಯಾರನ್ನೂ ಸುಲಭಕ್ಕೆ ನಂಬುವವಳಲ್ಲ. ಹಾಲಿನವನು ಹಾಲು ಹೊಯ್ದರೆ ಬೆರಳದ್ದಿ ನೋಡುವಳು. ಡಾಕ್ಟರು ಸೂಜಿ ಹಾಕುತ್ತೇನೆಂದರೆ ಔಷಧದ ಸೀಸೆಯನ್ನು ಇಸಿದುಕೊಂಡು ಬೆಳಕಿಗೆ ಹಿಡಿಯುವಳು. ಯಾರಾದರೂ ನಕ್ಕು ಮಾತಾಡಿಸಿದರಂತೂ ಅವರು ಹೋದ ಮೇಲೂ ಅರ್ಧ ಗಳಿಗೆ ಅವರ ಬೆನ್ನನ್ನೇ ನೋಡುತ್ತ ನಿಲ್ಲುವಳು, ಯಾಕೆ ನಕ್ಕರು ಎಂದು.

ಹುಟ್ಟುತ್ತಲೇ ಅವಳು ಹೀಗಿರಲಿಲ್ಲ. ಸಗರದಿಂದ ಹುಲಗಪ್ಪನ ಹೆಂಡತಿಯಾಗಿ ಗಿರಣಿಯ ಮನೆಗೆ ಬಂದಾಗ ತನ್ನ ಪಾಡಿಗೆ ಹಾಡಿಕೊಳ್ಳುತ್ತಿದ್ದ ಹುಡುಗಿ. ಆದರೆ ಗಿರಣಿಯ ಬದುಕೇ ಅಂಥದು. ಎರಡು ಕಲ್ಲುಗಳ ನಡುವೆ ಒಂದು ಹಿಡಿ ಹಿಟ್ಟು ಉಳಿದೇ ಉಳಿಯುತ್ತದೆ. ಅದನ್ನು ಯಾವ ಗಿರಾಕಿಯೂ ಒಪ್ಪುವುದಿಲ್ಲ. ಮದುವೆಯಾದ ಹೊಸತರಲ್ಲೇ ಒಬ್ಬ ಹೆಂಗಸು ಡಬ್ಬಿಯನ್ನು ನೆಲಕ್ಕೆ ಕುಕ್ಕಿ, "ಬರೋಬ್ಬರಿ ತುಂಬಿಸಿ ತಂದಿದ್ದೆ, ಗಂಟಲ ತನಾ ಸೈತ ಇಲ್ಲ. ನಿನ್ನ ರೊಟ್ಟಿಗಿ ನನ್ನ ಜ್ವಾಳ ಬೇಕಾಗಿತ್ತೇನು?" ಎಂದು ಓಣಿಗೆಲ್ಲ ಕೇಳುವಂತೆ ಕೂಗಿದಳು. ಸುಂದ್ರಮ್ಮ ಅಂದು ಊಟ ಮಾಡಲಿಲ್ಲ. ಮುಂದೆ ಅಂಥ ಮಾತು ವಾರಕ್ಕೊಮ್ಮೆ ಬಂತು, ಆಮೇಲೆ ದಿನಕ್ಕೊಮ್ಮೆ. ಊರೇ ತನ್ನ ಮೇಲೆ ಕಣ್ಣಿಟ್ಟಿದೆ ಎಂದು ಗೊತ್ತಾದವಳು ತಾನೂ ಊರಿನ ಮೇಲೆ ಕಣ್ಣಿಡಲು ಕಲಿತಳು.

ಅದೇ ಕಾಲಕ್ಕೆ ನಾರಾಯಣಪುರದ ಕಡೆಯಿಂದ ಕಾಲುವೆ ಅಗೆಯುವ ಕೆಲಸ ಜೋರಾಗಿತ್ತು. ಎಂಜಿನ್ನು ಬಿಚ್ಚಿ ಜೋಡಿಸಬಲ್ಲ ಹುಲಗಪ್ಪನನ್ನು ಗುತ್ತೇದಾರನೊಬ್ಬ ಮಣ್ಣು ಅಗೆಯುವ ಯಂತ್ರದ ಕೆಲಸಕ್ಕೆ ಕರೆದೊಯ್ದ. ಮೊದಮೊದಲು ಸಂತೆಯ ದಿನ ಬರುತ್ತಿದ್ದವನು ಅಮಾವಾಸ್ಯೆಗೆ ಬರತೊಡಗಿದ, ಆಮೇಲೆ ಹಬ್ಬಕ್ಕೆ. "ಹುಣಸಗಿಯಾಗ ಇನ್ನೊಂದು ಮನಿ ಮಾಡ್ಯಾನ" ಎಂದು ಹೇಳಿದವರ ಜೊತೆ ಸುಂದ್ರಮ್ಮ ಜಗಳಾಡಿದಳು. ಒಂದು ಯುಗಾದಿಗೆ ಅವನ ಚೀಲ ಕೊಡವಿದಾಗ ಕೂಸಿನ ತಲೆಗೆ ಕಟ್ಟುವ ಕುಲಾಯಿಯೊಂದು ಕೆಳಗೆ ಬಿತ್ತು. ಅವಳು ಕೂಗಾಡಲಿಲ್ಲ. ಕುಲಾಯಿಯನ್ನು ಒಗೆದು, ಒಣಗಿಸಿ, ಮಡಚಿ, ಮತ್ತೆ ಚೀಲದಲ್ಲಿಟ್ಟಳು. "ಇನ್ನ ಮ್ಯಾಲ ಇಲ್ಲಿಗಿ ಬರಬ್ಯಾಡ್ರಿ" ಎಂದಳು. ಅವನು ಬರಲಿಲ್ಲ. ಗಿರಣಿ, ಅದರ ಹಿಂದಿನ ಹುಣಸೆಮರದ ಹಿತ್ತಲು ಎಲ್ಲ ಅವನ ಹೆಸರಿನಲ್ಲೇ ಉಳಿದವು. ದುಡಿಮೆ ಇವಳ ಪಾಲಿಗೆ ಬಂತು.

ಹುಲಗಪ್ಪ ಹೋದರೂ ಕಾಲುವೆಯ ನೀರು ಮಾತ್ರ ಬಂತು. ಹೊಲಗಳು ಗದ್ದೆಗಳಾದವು. ಜೋಳ ಉಣ್ಣುತ್ತಿದ್ದವರು ಅನ್ನಕ್ಕೆ ಹೊರಳಿದರು. ಭೀಮರಾಯನಗುಡಿಯಲ್ಲಿ ಕಾಲುವೆ ಇಲಾಖೆಯವರ ಕಾಲೊನಿ ಎದ್ದಿತು, ಆಂಧ್ರದ ಕಡೆಯಿಂದ ಬಂದವರ ಕ್ಯಾಂಪುಗಳು ಹುಟ್ಟಿಕೊಂಡವು. ಊರಿಗೆ ದುಡ್ಡು ಬಂತು ನಿಜ, ಆದರೆ ಅದು ಹಳೇ ಬಜಾರಿಗೆ ಬರಲಿಲ್ಲ. ಬಸ್ ಸ್ಟ್ಯಾಂಡಿನ ರಸ್ತೆಯಲ್ಲೇ ಇಳಿದು, ಅಲ್ಲೇ ಹೊಸ ದುಕಾನುಗಳಲ್ಲಿ ಖರ್ಚಾಗಿ, ಅಲ್ಲಿಂದಲೇ ಬಸ್ಸು ಹತ್ತಿತು. ಹಳೇ ಬಜಾರಿನ ಓಣಿಯಲ್ಲಿ ಎದುರು ಬದುರು ಕಟ್ಟೆಗಳ ನಡುವೆ ಒಂದು ಎತ್ತಿನ ಬಂಡಿ ಹೋಗುವಷ್ಟೇ ದಾರಿ. ನಡುವೆ ತೆರೆದ ಗಟಾರ. ಒಂದೊಂದೇ ಬಾಗಿಲು ಮುಚ್ಚಿದವು. ತಂಬಾಕಿನವನು ಹೋದ, ಗಿಲೀಟಿನ ಸಾಮಾನಿನವನು ಹೋದ. ಓಣಿಯಲ್ಲೇ ಹೆಸರುವಾಸಿಯಾಗಿದ್ದ ಬಟ್ಟೆ ವ್ಯಾಪಾರಿ ಅಂಬ್ರಪ್ಪ ಸಾವಕಾರನೂ ಬಸ್ ಸ್ಟ್ಯಾಂಡಿನ ಹತ್ತಿರ ಗಾಜಿನ ದುಕಾನು ತೆರೆದು ಇಲ್ಲಿಯದಕ್ಕೆ ಬೀಗ ಹಾಕಿದ.

ಉಳಿದವರಲ್ಲಿ ಗಿರಣಿಯ ಎದುರಿಗೆ ಬಳೆ ಮಾರುವ ಇಮಾಮಬೀ ಒಬ್ಬಳು. ಸುಂದ್ರಮ್ಮ ಈ ಲೋಕದಲ್ಲಿ ಬೆರಳದ್ದಿ ನೋಡದೆ ಕುಡಿಯುತ್ತಿದ್ದುದು ಅವಳು ಕೊಟ್ಟ ಚಹಾ ಒಂದನ್ನೇ. ಮಧ್ಯಾಹ್ನ ಗಿರಣಿ ನಿಂತಾಗ ಇಬ್ಬರೂ ಗಿರಣಿಯ ಕಟ್ಟೆಯ ಮೇಲೆ ಕೂತು ಒಂದು ಕಪ್ಪನ್ನು ಎರಡು ಬಸಿಗೆ ಹೊಯ್ದುಕೊಳ್ಳುತ್ತಿದ್ದರು. ಆ ಕಟ್ಟೆ ಓಣಿಯ ತಿರುವಿನಲ್ಲಿತ್ತು. ಡಬ್ಬಿ ಹೊತ್ತು ಬಂದ ಹೆಂಗಸರು ಪಾಳಿ ಬರುವವರೆಗೆ ಅಲ್ಲೇ ಕೂತು ಊರಿನ ಸುದ್ದಿಯನ್ನೆಲ್ಲ ಬೀಸುತ್ತಿದ್ದರು.

ಹೀಗಿರುವಾಗ ಒಂದು ಬೆಳಿಗ್ಗೆ, ಓಣಿಯ ಬಾಯಲ್ಲಿ ಚಹಾದ ಹೋಟೆಲು ಇಟ್ಟಿದ್ದ ಯೂನುಸ, ಅಂಬ್ರಪ್ಪ ಸಾವಕಾರನನ್ನು ಕರೆದುಕೊಂಡು ಗಿರಣಿಗೆ ಬಂದ.

"ಕಾಕಿ, ಒಂದ್ ಮಾತದ" ಎಂದು ಯೂನುಸ ಕಟ್ಟೆಯ ಮೇಲೆ ಕುಳಿತ. "ನಮ್ ಬಜಾರಿನಾಗ ಆಟೋ ಬರಂಗಿಲ್ಲ, ಟೆಂಪೋ ಬರಂಗಿಲ್ಲ. ಮಂದಿ ಯಾಕ ಬಂದಾರು ಹೇಳ್ರಿ. ನಾವು ಎಲ್ಲಾರೂ ಕಟ್ಟಿ ಹಿಂದ ತಗೊಂಡ್ರ ರಸ್ತಾ ಮಾಡಿಕೊಡ್ತೀವಿ, ಗಟಾರ ಮುಚ್ತೀವಿ ಅಂತ ಪುರಸಭೆಯವ್ರು ಅಂದಾರ. ಶನಿವಾರದ ಸಂತಿನೂ ಈ ಓಣ್ಯಾಗ ಕೂಡ್ತದ. ಬಜಾರಿಗಿ ಮತ್ತ ಜೀವ ಬರ್ತದ ಕಾಕಿ."

ಸುಂದ್ರಮ್ಮ ಯೂನುಸನನ್ನು ನೋಡಲಿಲ್ಲ. ಹಿಂದೆ ನಿಂತು ಗೋಡೆಯನ್ನು ಮೇಲಿಂದ ಕೆಳಗೆ ನೋಡುತ್ತಿದ್ದ ಸಾವಕಾರನನ್ನು ನೋಡಿದಳು.

"ಸಾವ್ಕಾರ್ರಿಗಿ ಅಲ್ಲಿ ಗಾಜಿನ ದುಕಾನ ಅದ. ಇಲ್ಲೀದಕ್ಕ ಕೀಲಿ ಹಾಕ್ಯಾರ. ಈಗ್ಯಾಕ ಈ ಓಣಿ ಮ್ಯಾಲ ಇಷ್ಟು ಪ್ರೀತಿ?"

ಅಂಬ್ರಪ್ಪ ನಕ್ಕ. "ಹುಟ್ಟಿದ ಜಾಗಾ ಅಲ್ಲೇನು ತಂಗಿ."

"ಹುಟ್ಟಿದ್ದು ಈಗ ನೆನಪಾತೇನ್ರಿ?"

"ಎಲ್ಲಾರೂ ಒಪ್ಯಾರ ಕಾಕಿ. ನಿಮ್ ಕಟ್ಟಿ ತಿರುವಿನಾಗ ಅದ. ಅದು ಸರೀಲಿಲ್ಲ ಅಂದ್ರ ಗಾಡಿ ಹೊಳ್ಳಂಗಿಲ್ಲ" ಎಂದು ಯೂನುಸ ಅಂಗಲಾಚಿದ.

"ವಿಚಾರ ಮಾಡ್ತೀನಿ" ಎಂದು ಸುಂದ್ರಮ್ಮ ಮೋಟರಿನ ಗುಂಡಿ ಒತ್ತಿದಳು. ಆ ಸದ್ದಿನಲ್ಲಿ ಇನ್ನು ಮಾತು ಸಾಗುವಂತಿರಲಿಲ್ಲ.

ಅವಳ ಮನಸ್ಸಿಗೆ ಹತ್ತಿದ್ದು ಸಾವಕಾರನ ನಗು. ಮುಂದಿನ ವಾರ ಹಿತ್ತಲಲ್ಲಿ ಒಣಗಹಾಕಿದ ಚೀಲ ತರಲು ಹೋದಾಗ ಅದೇ ಸಾವಕಾರ ಅಲ್ಲಿ ನಿಂತಿದ್ದ. ಜೊತೆಗೊಬ್ಬ ಅಪರಿಚಿತ, ತಲೆಗೆ ಟವೆಲು ಸುತ್ತಿಕೊಂಡವನು, ಹುಣಸೆಮರದಿಂದ ಗೋಡೆಯ ತನಕ ಟೇಪು ಎಳೆಯುತ್ತಿದ್ದ.

"ಕಟ್ಟಿ ಮುಂದದ, ಅಳತಿ ಹಿಂದ ನಡದದ!" ಎಂದಳು ಸುಂದ್ರಮ್ಮ.

"ಗಟಾರದ ನೀರು ಯಾವ ಕಡಿ ಹೋಗ್ತದ ಅಂತ ನೋಡಾಕತ್ತೀವಿ" ಎಂದ ಸಾವಕಾರ. ಅಪರಿಚಿತ ಟೇಪು ಸುತ್ತಿಕೊಂಡ. ಸುತ್ತುತ್ತಲೇ ಸಾವಕಾರನ ಕಡೆ ಒಮ್ಮೆ ತಿರುಗಿ ನೋಡಿದ. ಸುಂದ್ರಮ್ಮನಿಗೆ ಅಷ್ಟು ಸಾಕಾಗಿತ್ತು. ಗಟಾರ ಇರುವುದು ಮುಂದಿನ ಓಣಿಯಲ್ಲಿ. ಹಿತ್ತಲು ಎತ್ತರದಲ್ಲಿದೆ. ನೀರು ದಿಬ್ಬ ಹತ್ತಿ ಹೋಗುವುದನ್ನು ಅವಳೆಂದೂ ಕಂಡಿರಲಿಲ್ಲ.

ಅಂದು ಮಧ್ಯಾಹ್ನ ಇಮಾಮಬೀ ಚಹಾ ತಂದಾಗ ಸುಂದ್ರಮ್ಮ ಎಲ್ಲವನ್ನೂ ಹೇಳಿಕೊಂಡಳು. ಇಮಾಮಬೀ ಬಸಿಯನ್ನು ಊದುತ್ತ ಕೂತಳೇ ಹೊರತು ಹೂಂ ಅನ್ನಲಿಲ್ಲ.

"ಯಾಕ ಬೂಬು, ಸುಮ್ನ ಅದಿ?"

"ಅಕ್ಕಾ..." ಇಮಾಮಬೀ ತಡವರಿಸಿದಳು. "ನಾ ಒಪ್ಪಿಗಿ ಕೊಟ್ಟೀನಿ. ಮೊದಲ ದಿನಾನೇ. ಮೂಲಿ ಮ್ಯಾಲಿನ ಜಾಗಾ ನನಗ ಕೊಡ್ತೀನಿ ಅಂದಾನ ಯೂನುಸ."

ಬಸಿ ಸುಂದ್ರಮ್ಮನ ಕೈಯಲ್ಲೇ ಉಳಿಯಿತು. "ದಿನಾ ಬಂದು ಬಾಜು ಕೂಡ್ತಿ. ಒಂದ್ ಮಾತ್ ಹೇಳ್ಬಾರದಾಗಿತ್ತೇನು?"

"ಹೇಳಿದ್ರ ನೀ ಹತ್ತು ಪ್ರಶ್ನಿ ಕೇಳ್ತಿದ್ದಿ. ನನ್ನ ಹತ್ರ ಒಂದಕ್ಕೂ ಜವಾಬು ಇದ್ದಿಲ್ಲ. ಖರೇನೋ ಸುಳ್ಳೋ ನನಗೂ ಗೊತ್ತಿಲ್ಲ. ಆದ್ರ ಬದುಕಬೇಕಲ್ಲಕ್ಕಾ. ಬಳಿ ಮ್ಯಾಲ ಧೂಳ ಕೂತದ ನೋಡು, ಒರಸಿ ಒರಸಿ ಸಾಕಾಗ್ಯದ."

ಸುಂದ್ರಮ್ಮ ಚಹಾವನ್ನು ಗಟಾರಕ್ಕೆ ಚೆಲ್ಲಿ ಒಳಗೆ ಹೋದಳು. ಗಂಡನ ಚೀಲದಿಂದ ಕುಲಾಯಿ ಬಿದ್ದಾಗಲೂ ಅವಳಿಗೆ ಇಷ್ಟು ನೋವಾಗಿರಲಿಲ್ಲ. ಮರುದಿನದಿಂದ ಕಟ್ಟೆಯ ಮೇಲೆ ಚಹಾ ನಿಂತುಹೋಯಿತು. ಎದುರುಬದುರು ಕೂತ ಇಬ್ಬರೂ, ಒಬ್ಬರು ತಲೆಯೆತ್ತಿದಾಗ ಇನ್ನೊಬ್ಬರು ತಗ್ಗಿಸುತ್ತ ದಿನ ನೂಕಿದರು. ಓಣಿಯವರೂ ಬಿರುಸಾದರು. ಆಯಮ್ಮನೊಬ್ಬಳ ಹಟಕ್ಕೆ ಎಲ್ಲರ ಹೊಟ್ಟೆಯ ಮೇಲೆ ಕಲ್ಲು ಬೀಳುತ್ತಿದೆ ಎಂದು ಅವಳ ಕಿವಿಗೆ ಬೀಳುವ ಹಾಗೆಯೇ ಮಾತಾಡಿದರು. ಹುಸಿ ಕೆಮ್ಮು ಕೆಮ್ಮುತ್ತ ದಾಟಿಹೋಗುವವರನ್ನು ಕಂಡರೆ ಇವರಿಗೆ ಸಾವಕಾರ ಏನು ಕೊಟ್ಟಿರಬಹುದು ಎಂದು ಅವಳು ಯೋಚಿಸುತ್ತಿದ್ದಳು.

ಟೇಪು ಹಿಡಿದಿದ್ದವನ ಗುರುತನ್ನು ಕೊನೆಗೆ ಅವಳೇ ಪತ್ತೆ ಮಾಡಿದಳು. ಅವನ ಹೆಸರು ಜಲಾಲುದ್ದೀನ. ಹಿಂದೆ ಕಾಲುವೆಯ ಅಳತೆಯವರ ಕೈಕೆಳಗೆ ಸರಪಳಿ ಎಳೆಯುತ್ತಿದ್ದ, ಈಗ ಕರೆದವರ ಜಾಗ ಅಳೆದುಕೊಟ್ಟು ಬದುಕುತ್ತಿದ್ದ. ಮನೆ ಭೀಮರಾಯನಗುಡಿಯಲ್ಲಿ. ಒಂದು ದಿನ ಗಿರಣಿಗೆ ಬೀಗ ಹಾಕಿ ಸುಂದ್ರಮ್ಮ ಬಸ್ಸು ಹತ್ತಿದಳು.

ಬಸ್ ಸ್ಟ್ಯಾಂಡಿನ ರಸ್ತೆಯ ಹೊಸ ಗಿರಣಿ ಆಗ ಅವಳ ಕಣ್ಣಿಗೆ ಬಿತ್ತು. ಅದರ ಮುಂದೆ ಹೆಂಗಸರ ಸಾಲು. ಅರ್ಧಕ್ಕರ್ಧ ಮುಖಗಳು ಅವಳಿಗೆ ಗೊತ್ತಿದ್ದವೇ. ಹಿಟ್ಟು ಕಮ್ಮಿ ಬಂತೆಂದು ಡಬ್ಬಿ ಕುಕ್ಕಿದ್ದ ಆ ಹೆಂಗಸೂ, ಈಗ ತಲೆ ನರೆತವಳು, ಬಿಸಿಲಲ್ಲಿ ಕಾಯುತ್ತ ನಿಂತಿದ್ದಳು. ಅದರಾಚೆ ಸಾವಕಾರನ ಗಾಜಿನ ದುಕಾನು. ಅದರೊಳಗೆ ಗಿರಾಕಿಗಳಿರಲಿಲ್ಲ, ಅಕ್ಕಪಕ್ಕದಲ್ಲಿ ಅಂಥವೇ ಹೊಳೆಯುವ ನಾಲ್ಕಾರು ದುಕಾನುಗಳಾಗಿದ್ದವು. ಓಹೋ, ಇವನಿಗೂ ಇಲ್ಲಿ ನೆಲೆ ಸಿಕ್ಕಿಲ್ಲ ಎಂದುಕೊಂಡಳು.

ಜಲಾಲುದ್ದೀನ ಮನೆಯ ಮುಂದೆ ಬೇವಿನ ನೆರಳಲ್ಲಿ ಮಂಚ ಹೆಣೆಯುತ್ತಿದ್ದ. ಅವಳನ್ನು ಗುರುತಿಸಿ ಎದ್ದು ನಿಂತ.

"ನಮ್ಮ ಹಿತ್ತಲ ಯಾಕ ಅಳದ್ರಿ?" ಎಂದು ಸುಂದ್ರಮ್ಮ ನೇರವಾಗಿ ಕೇಳಿದಳು. "ಗಟಾರದ ಮಾತು ಹೇಳಬ್ಯಾಡ್ರಿ."

ಅವನು ಮಂಚದ ಹಗ್ಗವನ್ನೊಮ್ಮೆ ಎಳೆದು ಬಿಗಿದ. "ಯಾರಿಗೂ ಹೇಳಬ್ಯಾಡ ಅಂತ ನನಗ ಯಾರೂ ಹೇಳಿಲ್ಲವ್ವಾ. ಮುಂದಿಂದು ಅಳದದ್ದು ಯೂನುಸ ಸಾಬರ ಮಾತಿಗಿ. ಅದು ರಸ್ತಾದ್ದು, ಖರೇ ಅದ. ಹಿಂದಿಂದು ಸಾವ್ಕಾರ್ರದು. ಗೋದಾಮ ಕಟ್ಟಬೇಕಂತ. ಬಜಾರ ಏಳ್ತದ, ಎದ್ದ ಮ್ಯಾಲ ಜಾಗಾ ಸಿಗಂಗಿಲ್ಲ ಅಂದ್ರು."

"ಜಾಗಾ ಕೊಡಾಕ ನಾ ಒಪ್ಪಬೇಕಲ್ಲ?"

"ನಿಮ್ ಹೆಸರಿಗಿ ಇಲ್ಲಂತಲ್ಲವ್ವಾ." ಅವನು ಮುಖ ತಗ್ಗಿಸಿದ. "ನಿಮ್ ಯಜಮಾನ್ರನ್ನ ಕಾಣಾಕ ಸಾವ್ಕಾರ್ರು ಹುಣಸಗಿಗಿ ಹೋಗಿ ಬಂದ್ರು. ನಾನೂ ಜೀಪಿನಾಗಿದ್ದೆ. ಒಳಗ ಏನು ಮಾತಾತೋ, ನಾ ಕೇಳಿಲ್ಲ."

ಸುಂದ್ರಮ್ಮ ನೀರು ಕೇಳಿ ಕುಡಿದಳು. ಈ ಸಲ ಲೋಟದೊಳಗೆ ನೋಡುವುದೂ ಅವಳಿಗೆ ನೆನಪಾಗಲಿಲ್ಲ. ಮರಳುವ ದಾರಿಯುದ್ದಕ್ಕೂ ಒಂದೇ ಲೆಕ್ಕ ಹಾಕಿದಳು. ಸಾವಕಾರ ಕಳ್ಳ, ಅದು ಗೊತ್ತಾಯಿತು. ಆದರೆ ರಸ್ತೆಯ ಮಾತು ಸುಳ್ಳಲ್ಲ, ಅದೂ ಗೊತ್ತಾಯಿತು. ಸಾವಕಾರನ ಮೇಲಿನ ಸಿಟ್ಟಿಗೆ ಕಟ್ಟೆ ಹಿಡಿದು ಕೂತರೆ ಇಮಾಮಬೀಯ ಬಳೆಯ ಮೇಲೆ ಇನ್ನಷ್ಟು ಧೂಳು ಕೂರುತ್ತದೆ. ಕಟ್ಟೆ ಬಿಟ್ಟರೆ ಹಿತ್ತಲಿನ ಮೇಲೆ ಅವನ ಕಣ್ಣು ಇನ್ನಷ್ಟು ದೊಡ್ಡದಾಗುತ್ತದೆ.

ಶುಕ್ರವಾರ ನಮಾಜು ಮುಗಿದ ಮೇಲೆ ಯೂನುಸನ ಹೋಟೆಲಿನಲ್ಲಿ ಓಣಿಯವರು ಸೇರುವುದಿತ್ತು. ಸುಂದ್ರಮ್ಮ ಕರೆಯದೆಯೇ ಹೋಗಿ ಬಾಗಿಲ ಬಳಿಯ ಬೆಂಚಿನ ಮೇಲೆ ಕುಳಿತಳು. ಎಲ್ಲರೂ ಅವಳ ಕಡೆ ತಿರುಗಿದರು.

"ಸಾವ್ಕಾರ್ರ, ಹುಣಸಗಿ ಹ್ಯಾಂಗದ?" ಎಂದು ಕೇಳಿದಳು.

ಅಂಬ್ರಪ್ಪನ ಕೈಯಲ್ಲಿದ್ದ ಕಪ್ಪು ಬಾಯಿಯ ಹತ್ತಿರವೇ ನಿಂತಿತು.

"ನಮ್ಮವ್ರು ಆರಾಮ ಅದಾರೇನ್ರಿ? ಇಷ್ಟು ವರ್ಷ ನಾನೇ ಹೋಗಿ ನೋಡಿಲ್ಲ. ನೀವು ಜೀಪ್ ತಗೊಂಡು ಹೋಗಿ ನೋಡಿ ಬಂದೀರಂತ."

ಯೂನುಸ ಸಾವಕಾರನ ಕಡೆ ತಿರುಗಿದ. ಯೂನುಸನ ಮುಖ ಬಿಳಿಚಿತ್ತು. ಅದು ಗೊತ್ತಿಲ್ಲದವನ ಮುಖವೋ, ಸಿಕ್ಕಿಬಿದ್ದವನ ಮುಖವೋ ಎಂದು ಸುಂದ್ರಮ್ಮ ದಿಟ್ಟಿಸಿ ನೋಡಿದಳು. "ಏನ್ರಿ ಇದು ಸಾವ್ಕಾರ್ರ? ನನಗ ಹೇಳೇ ಇಲ್ಲಲ್ರಿ!" ಎಂದು ಅವನು ಕೂಗಿದಾಗ ಅರ್ಧ ನಂಬಿದಳು.

"ವ್ಯಾಪಾರ" ಎಂದ ಅಂಬ್ರಪ್ಪ, ಕಪ್ಪನ್ನು ಕೆಳಗಿಡುತ್ತ. "ಕದ್ದೀನೇನು? ಮಾಲೀಕನ ಹತ್ರ ಕೇಳೀನಿ. ಬಜಾರ ಎದ್ದ ಮ್ಯಾಲ ಗೋದಾಮ ಬೇಕಾಗ್ತದೋ ಇಲ್ಲೋ?"

ಓಣಿಯವರು ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಎಲ್ಲರ ದುಕಾನಿನ ಹಿಂದೆಯೂ ಒಂದೊಂದು ಹಿತ್ತಲಿತ್ತು. ಅಲ್ಲಿಯವರೆಗೆ ಸುಂದ್ರಮ್ಮನೊಬ್ಬಳಲ್ಲೇ ಇದ್ದ ಸಂಶಯ ಅಂದು ಇಡೀ ಹೋಟೆಲಿನಲ್ಲಿ ಹರಡಿಕೊಂಡಿತು. ಒಬ್ಬ, ನಾನು ಒಪ್ಪಿಗೆ ವಾಪಸು ತಗೊಂತೀನಿ ಎಂದ. ಇನ್ನೊಬ್ಬ ಎದ್ದು ಚಪ್ಪಲಿ ಹುಡುಕಿದ. ಯೂನುಸ ತಲೆಯ ಮೇಲೆ ಕೈಹೊತ್ತು ಕುಳಿತುಬಿಟ್ಟ.

"ಕೂಡ್ರಿ, ಎಲ್ಲಿಗಿ ಹೊಂಟ್ರಿ?" ಎಂದಳು ಸುಂದ್ರಮ್ಮ. "ನನ್ನ ಕಟ್ಟಿ ಕೊಡ್ತೀನಿ."

ಚಪ್ಪಲಿ ಹುಡುಕುತ್ತಿದ್ದವನು ಹಾಗೇ ಬಗ್ಗಿ ನಿಂತ.

"ನಂಬಿ ಕೊಡಾಕತ್ತಿಲ್ಲ, ತಿಳೀರಿ. ಸಾವ್ಕಾರ್ರನ್ನ ನಂಬಂಗಿಲ್ಲ, ಯೂನುಸ ನಿನ್ನೂ ಪೂರಾ ನಂಬಂಗಿಲ್ಲ. ರಸ್ತಾ ಆದ್ರ ಮಂದಿ ಬರ್ತಾರ, ಅದಕ್ಕ ಕೊಡ್ತೀನಿ. ಆದ್ರ ಮೊದಲ್ನೇ ಹಾರಿ ಏಟು ಬೀಳೋದು ಸಾವ್ಕಾರ್ರ ಕಟ್ಟಿ ಮ್ಯಾಲ. ಅದು ಪೂರಾ ಕಿತ್ತು ಬಂದ ಮ್ಯಾಲ ನಂದು. ಮತ್ತ ನನ್ನ ಹಿತ್ತಲಿಗಿ ಕಾಲಿಡಂಗಿಲ್ಲ, ಹುಣಸಗಿಗಿ ಹೋಗಂಗಿಲ್ಲ ಅಂತ ಅವ್ರು ಇಲ್ಲೇ, ಎಲ್ಲಾರ ಮುಂದ ಅನಬೇಕು."

"ಬಾಯಿ ಮಾತಿಗಿ ಏನು ಬೆಲಿ ಅದ ಕಾಕಿ?" ಎಂದ ಯೂನುಸ, ಸೋತ ದನಿಯಲ್ಲಿ.

"ಏನೂ ಇಲ್ಲ. ಆದ್ರ ತಪ್ಪಿದ ದಿನ ಇಷ್ಟು ಮಂದಿ ಮಾರಿ ನೋಡಬೇಕಲ್ಲ, ಅಷ್ಟು ಸಾಕು."

ಅಂಬ್ರಪ್ಪ ಬಹಳ ಹೊತ್ತು ಮೀಸೆ ತೀಡಿದ. ಬಸ್ ಸ್ಟ್ಯಾಂಡಿನ ಖಾಲಿ ದುಕಾನು ಅವನ ಕಣ್ಣ ಮುಂದೆಯೂ ಬಂದಿರಬೇಕು. ಕೊನೆಗೆ ನೆಲ ನೋಡುತ್ತ, ಅವಳು ಹೇಳಿದಂತೆಯೇ ಅಂದ.

ಕಟ್ಟೆ ಒಡೆಯುವ ದಿನ ಸುಂದ್ರಮ್ಮ ಗಿರಣಿ ನಿಲ್ಲಿಸಿ ಸಾವಕಾರನ ದುಕಾನಿನ ಎದುರು ಕುರ್ಚಿ ಹಾಕಿಕೊಂಡು ಕುಳಿತಳು. ಅವನ ಅಜ್ಜ ಹಾಸಿದ ಶಹಾಬಾದಿ ಪರಸಿ ಕಲ್ಲುಗಳು ಒಂದೊಂದಾಗಿ ಎದ್ದವು. ಕೊನೆಯ ಕಲ್ಲು ಎದ್ದು ಅಡಿಯ ಮಣ್ಣು ಕಂಡ ಮೇಲೆಯೇ ಅವಳು ಎದ್ದದ್ದು. ತನ್ನ ಕಟ್ಟೆಗೆ ಹಾರೆ ಬಿದ್ದಾಗ ಮಾತ್ರ ಅವಳಿಗೆ ನೋಡಲಾಗಲಿಲ್ಲ. ಒಳಗೆ ಹೋಗಿ ಮೋಟರಿನ ಪಟ್ಟಾ ಒರೆಸುತ್ತ ನಿಂತಳು. ಹಿಂದಿನಿಂದ ಯಾರೋ ಬಂದು ಪಕ್ಕದಲ್ಲಿ ನಿಂತರು. ಬಳೆಗಳ ಸದ್ದಿನಿಂದಲೇ ಇಮಾಮಬೀ ಎಂದು ತಿಳಿಯಿತು.

"ಅಕ್ಕಾ, ಇನ್ನ ಎಲ್ಲಿ ಕೂಡಾಣು?" ಎಂದಳು ಅವಳು.

"ಹಿತ್ತಲಾಗ" ಎಂದಳು ಸುಂದ್ರಮ್ಮ, ತಿರುಗಿ ನೋಡದೆ. "ಖಾಲಿ ಜಾಗಾ ಇಟ್ರ ಎಲ್ಲಾರ ಕಣ್ಣು ಬೀಳ್ತಾವ."

ಆ ಮಾತನ್ನು ಅವಳು ಸುಮ್ಮನೆ ಆಡಿರಲಿಲ್ಲ. ರಸ್ತೆಯ ಕೆಲಸ ನಡೆಯುತ್ತಿರುವಾಗಲೇ ಹುಣಸೆಮರದ ಕೆಳಗೆ ತಗಡಿನ ಛಪ್ಪರ ಎದ್ದಿತು. ಅದರಡಿ ಖಾರ ಕುಟ್ಟುವ ಯಂತ್ರ ಬಂತು. ಗಿರಣಿಯ ಬದಿಯಿಂದ ಹಿತ್ತಲಿಗೆ ಬಾಗಿಲು ಒಡೆಸಿ ಕಾಯುವ ಹೆಂಗಸರಿಗೆ ಬೆಂಚು ಹಾಕಿಸಿದಳು. ಯಾರೂ ಕಸಿದುಕೊಳ್ಳಬಾರದೆಂದು ತುಂಬಿಸಿದ ಜಾಗವೇ ಮುಂದೆ ಅವಳಿಗೆ ಅನ್ನ ಹಾಕಿತು. ಬೇಸಿಗೆಯಲ್ಲಿ ದೋರನಹಳ್ಳಿ, ರಸ್ತಾಪುರ, ಹತ್ತಿಗೂಡೂರಿನ ಹೆಂಗಸರು ಮೆಣಸಿನಕಾಯಿಯ ಚೀಲ ಹೇರಿಕೊಂಡು ಟೆಂಪೋದಲ್ಲಿ ನೇರ ಓಣಿಯೊಳಕ್ಕೇ ಬರತೊಡಗಿದರು. ಖಾರ ಕುಟ್ಟುವವರೆಗೆ ಬಳೆ ಇಡಿಸಿಕೊಂಡರು, ಯೂನುಸನ ಹೋಟೆಲಿನಿಂದ ಚಹಾ ತರಿಸಿದರು, ಸೀನಿ ಸೀನಿ ಕಣ್ಣೊರೆಸಿಕೊಂಡು ಸಾವಕಾರನ ದುಕಾನಿನಲ್ಲಿ ಇಳಕಲ್ಲ ಸೀರೆ ನೋಡಿದರು. ಸಾವಕಾರ ಬಸ್ ಸ್ಟ್ಯಾಂಡಿನ ದುಕಾನು ಮುಚ್ಚಿ ಇಲ್ಲಿಗೇ ಬಂದಿದ್ದ.

ಯೂನುಸ ಹೇಳಿದ್ದೆಲ್ಲ ಆಯಿತೆಂದಲ್ಲ. ಶನಿವಾರದ ಸಂತೆ ಅರ್ಧ ಓಣಿಯಲ್ಲಿ ಕೂತಿತು, ಇನ್ನರ್ಧ ಹಳೆಯ ಜಾಗದಲ್ಲೇ ಉಳಿಯಿತು. ಗಟಾರದ ಮೇಲಿನ ಹಾಸುಗಲ್ಲುಗಳು ಒಂದೆರಡು ಕಡೆ ಮುರಿದು ಬಿದ್ದವು. ಕಟ್ಟೆ ಕೊಟ್ಟವರಲ್ಲಿ ಬೀಗ ರಿಪೇರಿ ಮಾಡುವವನೊಬ್ಬ ಮತ್ತೂ ಗಿರಾಕಿ ಸಿಗದೆ ಸುರಪುರಕ್ಕೆ ಹೊರಟುಹೋದ. ಇಮಾಮಬೀಗೆ ಮೂಲೆಯ ಜಾಗ ಸಿಕ್ಕಿತು, ಆದರೆ ಅಂದುಕೊಂಡದ್ದಕ್ಕಿಂತ ಸಣ್ಣದು. ಆದರೂ ಸಂಜೆಯ ಹೊತ್ತಿಗೆ ಓಣಿಯಲ್ಲಿ ಭುಜಕ್ಕೆ ಭುಜ ತಾಗುವಷ್ಟು ಜನ ಓಡಾಡುವುದನ್ನು ಊರು ಮತ್ತೆ ಕಂಡಿತು.

ಹುಲಗಪ್ಪ ಹುಣಸಗಿಯಲ್ಲೇ ತೀರಿಕೊಂಡನೆಂಬ ಸುದ್ದಿ ಕೆಲವು ವರ್ಷಗಳ ಮೇಲೆ ಬಂತು. ಅವನು ಅಂದು ಸಾವಕಾರನಿಗೆ ಏನು ಹೇಳಿದ್ದ, ಹೂಂ ಅಂದಿದ್ದನೋ ಬೈದು ಕಳಿಸಿದ್ದನೋ, ಸುಂದ್ರಮ್ಮ ಕೇಳಲಿಲ್ಲ, ಅಂಬ್ರಪ್ಪನೂ ಹೇಳಲಿಲ್ಲ. ದಿನಕ್ಕೆರಡು ಸಲ ಎದುರಾದಾಗ ಇಬ್ಬರೂ "ಊಟಾತೇನ್ರಿ?" ಎಂದು ಕೇಳಿಕೊಳ್ಳುತ್ತಿದ್ದರು, ಅಷ್ಟೇ.

ಒಂದು ಶುಕ್ರವಾರ ಇಮಾಮಬೀ ಹಟ ಹಿಡಿದು ಸುಂದ್ರಮ್ಮನನ್ನು ಆಟೋದಲ್ಲಿ ಕೂರಿಸಿಕೊಂಡು ಕಾಲುವೆ ನೋಡಲು ಕರೆದೊಯ್ದಳು. ಊರನ್ನೇ ಬದಲಿಸಿದ ಆ ನೀರನ್ನು ಸುಂದ್ರಮ್ಮ ಅಲ್ಲಿಯ ತನಕ ಕಣ್ಣಾರೆ ಕಂಡಿರಲಿಲ್ಲ. ಇಮಾಮಬೀ ಕಲ್ಲಿನ ಮೆಟ್ಟಿಲಿಳಿದು ಮೊಣಕಾಲಿನ ತನಕ ಕಾಲು ಇಳಿಬಿಟ್ಟು ಕುಳಿತಳು.

"ಬಾ ಅಕ್ಕಾ, ತಣ್ಣಗದ."

ಸುಂದ್ರಮ್ಮ ದಂಡೆಯ ಮೇಲೇ ನಿಂತು ಕಂದು ನೀರು ಸದ್ದಿಲ್ಲದೆ ಓಡುವುದನ್ನು ಬಹಳ ಹೊತ್ತು ನೋಡಿದಳು. "ಮ್ಯಾಲ ಇಷ್ಟು ಸುಮ್ನ ಅದ ಅಂದ್ರ ಒಳಗ ಎಷ್ಟು ಆಳ ಅದನೋ" ಎಂದಳು. ಆಮೇಲೆ ಚಪ್ಪಲಿ ಬಿಚ್ಚಿ ಪಕ್ಕಕ್ಕಿಟ್ಟು, ಇಮಾಮಬೀಯ ಭುಜವನ್ನು ಗಟ್ಟಿಯಾಗಿ ಹಿಡಿದುಕೊಂಡು, ಒಂದು ಮೆಟ್ಟಿಲು ಇಳಿದಳು.